ಪುಟ್ಟಗೌರಮ್ಮನ ಸೊನ್ನೆ

ದೇವಲಾಪುರದ ಪುಟ್ಟಗೌರಮ್ಮನ ರಾಗಿ ಹೊಲದಲ್ಲಿ ಆರು ಸಾಲಿಗೊಂದು ಹುಚ್ಚೆಳ್ಳಿನ ಸಾಲು. ಅದು ಹಳದಿ ಹೂ ಬಿಟ್ಟಾಗ ಬರುವ ಜೇನ್ನೊಣಗಳನ್ನು ನಮ್ಮ ಕಾಲೇಜಿನ ಸಮೀಕ್ಷೆಗಾಗಿ ಅವರು ಎಣಿಸಿಕೊಡುತ್ತಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೋಣಿಚೀಲ ಹಾಸಿ ಕೂತು, ಮೊಬೈಲಿನಲ್ಲಿ ಹದಿನೈದು ನಿಮಿಷದ ಅಲಾರಂ ಇಟ್ಟು, ಒಂದು ನೊಣಕ್ಕೆ ಹಾಳೆಯ ಮೇಲೆ ಒಂದು ಗೀಟು. ಅರವತ್ತು ದಾಟಿದ ಕಣ್ಣು. ಆದರೂ ತುಡುವೆ ಜೇನು ಯಾವುದು, ಕೋಲುಜೇನು ಯಾವುದು ಎಂದು ನನಗಿಂತ ಬೇಗ ಹೇಳುತ್ತಾರೆ.

ಅವರ ಮಗ ನಿಂಗರಾಜಣ್ಣನಿಗೆ ಆ ಸಾಲುಗಳು ಬೇಡ. ಕೊಯ್ಲಿನ ಮಿಷಿನ್ನಿಗೆ ಅಡ್ಡವಂತೆ. "ಕಾಲೇಜ್ನೋರು ನಿನ್ನ ಲೆಕ್ಕ ಒಪ್ಪುದ್ರೆ ಮುಂದ್ಲ ವರ್ಸವೂ ಬಿತ್ತಾನ. ಇಲ್ದಿದ್ರೆ ಬರೀ ರಾಗಿ ಕಣವ್ವ" ಎಂದಿದ್ದ.

ನಾಲ್ಕು ವಾರದ ಹಾಳೆ ನೋಡಿ ನನಗೆ ಗಾಬರಿಯಾಯಿತು. ಜಡಿಮಳೆ ಹಿಡಿದ ಭಾನುವಾರವೂ ಇಪ್ಪತ್ಮೂರು ಗೀಟು!

"ದೊಡ್ಡವ್ವ, ಅವತ್ತು ಮಳೆ ಅಲ್ವಾ?"

"ಊಂ ಕಣವ್ವ. ಒಂದೂ ಇರ್ನಿಲ್ಲ. ಬರ್ಲಿ ಅಂತ ಕಾಯ್ಕಂಡು ಕುಂತಿದ್ದೆ. ಮದ್ಯಾನ ಬಿಸ್ಲು ಬಂತು, ಅವೂ ಬಂದೊ. ಆಗ ಅಲಾರಂ ಒತ್ತುದೆ. ಎಲ್ಲಾ ವಾರವೂ ಅಂಗೇಯ, ಅವು ಬಂದ್ಮೇಲೇ ಒತ್ತಾದು."

"ಹತ್ತು ಗಂಟೆಗೆ ಇಲ್ಲ ಅಂತ ಬರೀಬೇಕಿತ್ತು."

"ಥೂ, ಬುಡ್ತು ಅನ್ನು! ಬೆಳೆ ಮುಂದೆ ಕುಂತು ಇಲ್ಲ ಅನ್ನಾದಾ?"

ಆ ಮನೆಯಲ್ಲಿ ಅಕ್ಕಿ ಮುಗಿದರೂ 'ತುಂಬೈತೆ' ಎನ್ನುತ್ತಾರೆ. ನಮ್ಮ ಮನೆಯಲ್ಲೂ ಅಷ್ಟೇ. ಬೈಯಲು ನನಗೆ ಬಾಯಿ ಬರಲಿಲ್ಲ. ಬಾರದ ದಿನವನ್ನೂ ಬರೆದರೆ ತಾನೇ ನೊಣಗಳು ಕಡಿಮೆಯಾಗುತ್ತಿವೆಯೋ ಇಲ್ಲವೋ ಎಂದು ತಿಳಿಯುವುದು ಎಂದೆ. ಈ ನಾಲ್ಕು ಹಾಳೆ ಲೆಕ್ಕಕ್ಕೆ ಬರುವುದಿಲ್ಲ, ಉಳಿದ ಎರಡು ವಾರ ಸರಿಯಾಗಿ ಎಣಿಸಿದರೆ ಒಪ್ಪುತ್ತೇವೆ ಎಂದೂ ಹೇಳಬೇಕಾಯಿತು. ಅವರು ಸೆರಗಿನಿಂದ ಪೆನ್ಸಿಲ್ಲು ಒರೆಸಿ ಇಟ್ಟುಕೊಂಡರು.

ಮುಂದಿನ ಭಾನುವಾರ ದಟ್ಟ ಮಂಜು. ಹತ್ತಕ್ಕೆ ನಾನೂ ಪಕ್ಕದಲ್ಲಿ ಕೂತೆ. ನಿಂಗರಾಜಣ್ಣ ಹುಲ್ಲಿನ ಹೊರೆ ಇಳಿಸಿ ನೋಡುತ್ತಾ ನಿಂತ. ಒಂದು ನೊಣವೂ ಸುಳಿಯಲಿಲ್ಲ. ಅಲಾರಂ ಹೊಡೆಯಿತು. ಪುಟ್ಟಗೌರಮ್ಮ ಹೂವಿಗೆ ಕಾಣದಂತೆ ಬೆನ್ನು ತಿರುಗಿಸಿ, ಹಾಳೆಯ ಮೇಲೆ ದೊಡ್ಡದೊಂದು ಸೊನ್ನೆ ಸುತ್ತಿದರು.

ಅಷ್ಟರಲ್ಲಿ ಎಲ್ಲಿತ್ತೋ, ಒಂದು ತುಡುವೆ ಬಂದು ಹೂವಿನ ಮೇಲೆ ಕೂತಿತು.

"ಬಂತಲ್ಲವ್ವ, ಗೀಟಾಕು!" ಎಂದು ಕೂಗಿದ್ದು ನಿಂಗರಾಜಣ್ಣನೇ.

"ಸುಮ್ಕಿರ್ಲಾ. ಅಲಾರಂ ಆದ್ಮೇಲೆ ಬಂದದ್ದು ಲೆಕ್ಕಕ್ಕಿಲ್ಲ" ಎಂದವರು ನೊಣದ ಕಡೆ ತಿರುಗಿ, "ಮುಂದ್ಲ ವಾರ ಟೈಮಿಗೆ ಸರ್ಯಾಗಿ ಬಾರವ್ವ" ಎಂದರು.

ಕೊನೆಯ ವಾರ ಹದಿನೇಳು ಗೀಟು ಬಿದ್ದವು. ಎರಡೂ ಹಾಳೆ ಸೇರಿಸಿಕೊಂಡೆವು. ಕೊಯ್ಲು ಮುಗಿದ ಮೇಲೆ ಅದನ್ನು ತಿಳಿಸಲು ಹೋದಾಗ ನಿಂಗರಾಜಣ್ಣ ಮುಂದಿನ ವರ್ಷದ ಬಿತ್ತನೆಗೆಂದು ಹುಚ್ಚೆಳ್ಳು ಗಂಟು ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದ.

"ಮಿಷಿನ್ನು ಸುತ್ತಾಕಂಡು ಓಗ್ಲಿ ಬುಡವ್ವ" ಎಂದ.