ಗೌರಿ ಹಾಲು ಕೊಟ್ಟರೆ ಸೂರ್ಯಾಸ್ತ

ಬೆಟ್ಟದ ಅರ್ಧಕ್ಕೆ ಬಂದಿದ್ದೆವು. ಅಕ್ಕನ ಫೋನ್ ಬಡಕೊಂಡಿತು. ಆ ಕಡೆ ಭಾವ.

"ಒದ್ಬುಡ್ತು ಕಣೇ! ಬಕೆಟ್ಟು ಒಂದ್ಕಡೆ, ನಾನೊಂದ್ಕಡೆ!"

ಒದ್ದಿದ್ದು ಗೌರಿ. ಅಕ್ಕನ ಹಸು.

ವಿಷಯ ಏನಪ್ಪಾ ಅಂದ್ರೆ, ನಮ್ಮಕ್ಕ ರತ್ನಮ್ಮನನ್ನು ಬಂಗಾರಪೇಟೆ ಪಕ್ಕದ ಹಳ್ಳಿಗೆ ಕೊಟ್ಟಿದೆ. ಅವಳ ಹಿತ್ತಲ ಹಿಂದೆಯೇ ಬೆಟ್ಟ. ಶನಿವಾರ ಬಂತೆಂದರೆ ಬೆಂಗಳೂರಿನವರು ರೈಲಿಳಿದು ಬರ್ತಾರೆ. ಕೈಯಲ್ಲಿ ಕೋಲು, ಬೆನ್ನಿಗೆ ಬ್ಯಾಗು. ಅಕ್ಕ ಮಜ್ಜಿಗೆ ಕೊಟ್ಟು ದಾರಿ ತೋರಿಸ್ತಾಳೆ. ಇಳಿದು ಬಂದವರು "ಆಂಟಿ, ಸನ್‌ಸೆಟ್ ಸೂಪರ್" ಅಂತಾರೆ. ಆಂಟಿ ಅದನ್ನ ನೋಡಿದ್ದೇ ಇಲ್ಲ! ಸೂರ್ಯ ಮುಳುಗೋ ಹೊತ್ತಿಗೆ ಆಂಟಿ ಕೆಚ್ಚಲ ಹತ್ತಿರ ಕೂತಿರ್ತಾಳೆ.

ನನಗೆ ರೇಗಿತು. ಕೆಜಿಎಫ್‌ನ ಊರಿಗಾಂನಲ್ಲಿರೋ ನಮ್ಮನೇಲಿ ಕೂತೇ ಸನ್‌ಸೆಟ್ ಟ್ರೆಕ್‌ಗೆ ಇಬ್ಬರ ಹೆಸರು ಕೊಟ್ಟೆ. (ಕೇಳಿದ್ರೆ ಬರಲ್ಲ ಅಂತ ಗೊತ್ತು, ಅದಕ್ಕೇ ಕೇಳಲಿಲ್ಲ.) ಶೂ, ನೀರು, ಟಾರ್ಚ್ ತನ್ನಿ ಅಂತ ಮೆಸೇಜ್ ಬಂತು.

"ಅದೆಂಗಮ್ಮಿ ಬರ್ಲಿ? ಗೌರಿ ನನ್ ಬಿಟ್ರೆ ಯಾರ್ಗೂ ಸೊರೆ ಬಿಡಲ್ಲ, ಒಂದ್ ತೊಟ್ಟು ಆಲು ಇಳ್ಸಲ್ಲ" ಅಂದಳು ಅಕ್ಕ. "ಒಂದೊತ್ತು ನಾ ಕರೀತೀನಿ ಬುಡು" ಅಂತ ಭಾವನೇ ಧೈರ್ಯ ಕೊಟ್ಟರು. ಆ ಧೈರ್ಯದ ಕಥೆ ಈಗ ಫೋನಲ್ಲಿ ಕೇಳ್ತಾ ಇತ್ತು.

ಅಕ್ಕ ಆಗಲೇ ಕೆಳಗೆ ತಿರುಗಿದ್ದಳು. "ನೀ ಓಗಮ್ಮಿ, ನಾ ಇಳೀತೀನಿ."

"ಕರು ಕುಡೀಲಿ ಬಿಡೇ!"

"ಅಷ್ಟೂ ಕುಡುದ್ರೆ ಬೇದಿ ಆಗ್ತದೆ. ಯಾರ್ ನೋಡ್ತಾರೆ, ನೀನಾ?"

ಅತ್ತುಬಿಡೋ ಹಾಗಾಯ್ತು ನನಗೆ. ಇಷ್ಟು ವರ್ಷ ಕಾದು, ಅರ್ಧ ಬೆಟ್ಟದಿಂದ ವಾಪಸ್ಸಾ?

ನಾಲ್ಕು ಹೆಜ್ಜೆ ಇಳಿದವಳು ನಿಂತಳು. ಮತ್ತೆ ಫೋನ್ ಕಿವಿಗೆ.

"ನೋಡಿ, ಬಾಗ್ಲಿಂದೆ ನನ್ನ ಅಳೇ ಸೀರೆ ಐತೆ. ಉಟ್ಕಂಡು ಓಗಿ ಕೂತ್ಕಳಿ. ಬಾಯಿ ಮಾತ್ರ ಬಿಡ್ಬ್ಯಾಡಿ, ನಿಮ್ ದನಿ ಕೇಳಿದ್ರೆ ಮತ್ತೆ ಒದೀತದೆ."

ಹಸು ಗುರುತು ಹಿಡಿಯೋದು ಸೀರೆಯ ವಾಸನೆಯಿಂದ. ಮನೇಲಿ ಹೆಂಗಸು ಬಾಣಂತಿಯಾದರೆ ಗಂಡಸರು ಕದ್ದುಮುಚ್ಚಿ ಮಾಡೋ ಉಪಾಯವೇ ಇದು. ಆದರೆ ನಮ್ಮ ಭಾವ? ಮೀಸೆ ತಿರುವದೆ ಬೀದಿಗಿಳಿಯದ ಮನುಷ್ಯ!

"ಸೀರೇನಾ? ನಾನಾ?" ಫೋನ್ ಕಟ್.

ಅಕ್ಕ ಬಂಡೆ ಮೇಲೆ ಕೂತಳು. ಜೊತೆಯವರೆಲ್ಲ ಮುಂದೆ ಹೋದರು. ಸೂರ್ಯ ಇಳೀತಾ ಇದ್ದ. ಅವಳು ಮಾತ್ರ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನನ್ನ ಬಾಯಲ್ಲಿ ಭಾವನಿಗೆ ಏನೇನು ಬೈಗುಳ ಬಂದವೋ, ಇಲ್ಲಿ ಬರೆಯೋ ಹಾಗಿಲ್ಲ.

ಕೊನೆಗೂ ಫೋನ್ ಬಂತು.

"ಕೊಡ್ತು ಕಣೇ! ಡೈರಿಗೂ ಆಕ್ಬಂದೆ."

"ಸೀರೆ?"

"ಬಿಚ್ಚಕ್ಕೆ ಟೈಮೆಲ್ಲಿತ್ತು? ಡೈರಿ ಮುಚ್ಚಿಬಿಡ್ತಿದ್ರು. ಅಂಗೇ ಓದೆ!"

ಬಂಡೆ ಮೇಲೇ ಬಿದ್ದು ನಕ್ಕೆವು. ಆಮೇಲೆ ಅಕ್ಕ ಚಪ್ಪಲಿ ಕೈಗೆ ತಗೊಂಡು ಸೆರಗು ಸಿಕ್ಕಿಸಿದಳು ನೋಡಿ! ಶೂ ಹಾಕಿದವರನ್ನೆಲ್ಲ ಹಿಂದೆ ಹಾಕಿ ತುದಿ ಮುಟ್ಟಿದಳು. ನಾನು ಏದುಸಿರು ಬಿಡುತ್ತಾ ಕೊನೆಗೆ.

ಒಂದು ಕಡೆ ಕೆಜಿಎಫ್‌ನ ಸೈನೈಡ್ ದಿಬ್ಬಗಳು, ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಗುಡ್ಡೆಗಳೆಲ್ಲ ಕೆಂಪು. ಇನ್ನೊಂದು ಕಡೆ ಬಂಗಾರಪೇಟೆಗೆ ಬರ್ತಾ ಇರೋ ರೈಲು. ನಡುವೆ ಕೆರೆ, ಹೊಲ, ಅವಳದೇ ಹಿತ್ತಲು. "ಅಯ್ಯೋ, ನಮ್ಮನೆ ಇಷ್ಟೇನಾ!" ಅಂದಳು. ಸೂರ್ಯ ಪೂರ್ತಿ ಮುಳುಗೋವರೆಗೂ ಕೂತೇ ಇದ್ದಳು. ಅಷ್ಟು ಸಂತೋಷದಲ್ಲಿ ಅಕ್ಕನನ್ನ ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಬರೋ ಶನಿವಾರ ಪಕ್ಕದ ಮನೆ ನಾಗಮ್ಮನೂ ಹೊರಟಿದ್ದಾಳೆ. ಅವಳ ಗಂಡನಿಗೆ ನಮ್ಮ ಭಾವನೇ ನೆರಿಗೆ ಹಿಡಿಯೋದು ಹೇಳಿಕೊಡ್ತಾ ಇದ್ದಾರೆ.

ಶೂ, ನೀರು, ಟಾರ್ಚ್ ಎಲ್ಲ ಸರಿ. ಮನೇಲಿ ಸೀರೆ ಉಡೋಕೆ ತಯಾರಿರೋ ಒಬ್ಬ ಗಂಡ ಬೇಕು ಅಂತ ಆ ಟ್ರೆಕ್ಕಿಂಗ್‌ನವರು ಯಾಕೆ ಬರೆಯಲ್ಲ?