ಗುಡುಗಣ್ಣನ ಎರಡು ದನಿ

ಗುಡುಗಣ್ಣನಿಗೆ ದನಿ ಎರಡು. ಒಂದು ಹುಟ್ಟಿನಿಂದ ಬಂದದ್ದು, ಮನೆಯೊಳಗಿನದು. ಇನ್ನೊಂದು ಅವನೇ ಕಟ್ಟಿಕೊಂಡದ್ದು, ಕಲ್ಲಿನ ಯಾರ್ಡಿನದು. ಆ ಎರಡನೆಯದಕ್ಕೆ ಜನ ಇಟ್ಟ ಹೆಸರೇ ಗುಡುಗಣ್ಣ.

ಹುಡುಗರ ದನಿ ಒಡೆಯುವ ವಯಸ್ಸಿನಲ್ಲಿ ಗಂಟಲೊಳಗಿನ ಎರಡು ಪುಟ್ಟ ಮಡಿಕೆಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ತಂತಿ ದಪ್ಪವಾದಷ್ಟೂ ಸ್ವರ ಇಳಿಯುವ ಹಾಗೆ ಮಾತಿನ ಸ್ವರವೂ ಇಳಿಯುತ್ತದೆ. ಎಲ್ಲರಲ್ಲೂ ಅದು ಒಂದೇ ಪ್ರಮಾಣದಲ್ಲಿ ಆಗಬೇಕೆಂದೇನೂ ಇಲ್ಲ. ಇವನಲ್ಲಿ ಸ್ವಲ್ಪವೇ ಆಯಿತು. ಮೀಸೆ ಬಂತು, ಎತ್ತರ ಬಂತು, ಭುಜ ಅಗಲವಾಯಿತು. ದನಿ ಮಾತ್ರ ಅಕ್ಕನ ದನಿಯ ಪಕ್ಕದಲ್ಲೇ ನಿಂತುಬಿಟ್ಟಿತು. ಮನೆಯ ಫೋನು ಎತ್ತಿದರೆ ಆ ಕಡೆಯವರು, "ಏನಮ್ಮಾ, ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕೊಡು" ಎನ್ನುತ್ತಿದ್ದರು. ಒಮ್ಮೆ ಅಪ್ಪ ಪಕ್ಕದಲ್ಲೇ ಕೂತಿದ್ದರು. ಬೈಯಲಿಲ್ಲ. ಮಗನ ಕೈಯಿಂದ ಫೋನು ತೆಗೆದುಕೊಂಡು, "ಹೇಳಿ" ಎಂದರು, ಅಷ್ಟೇ. ಅಂದಿನಿಂದ ಫೋನು ಬಡಿದುಕೊಂಡರೆ ಇವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದ.

ಕೆಲಸ ಸಿಕ್ಕಿದ್ದು ದೊಡ್ಡ ಬಂಡೆಗಳನ್ನು ಚಪ್ಪಡಿಗಳಾಗಿ ಕೊಯ್ಯುವ ಯಾರ್ಡಿನಲ್ಲಿ. ಗರಗಸಗಳು ಬೆಳಗಿನಿಂದ ಸಂಜೆಯವರೆಗೆ ಗುರ್ರೆನ್ನುತ್ತವೆ. ಕೊಯ್ದ ಚಪ್ಪಡಿಗಳನ್ನು ಕ್ರೇನು ಎತ್ತಿ ಸಾಲಾಗಿ ನಿಲ್ಲಿಸುತ್ತದೆ. ಕ್ರೇನಿನ ಡ್ರೈವರಿಗೆ ಎತ್ತು, ಇಳಿಸು, ನಿಲ್ಲಿಸು ಎಂದು ಕೆಳಗಿನಿಂದ ಹೇಳುವುದು ಇವನ ಕೆಲಸ. ಕಣ್ಣಿಗೆ ಕಾಣುವಲ್ಲಿ ಕೈಸನ್ನೆ ಸಾಕು. ಹಿಂದಿನ ಸಾಲಿಗೆ ಮುಂದಿನ ಚಪ್ಪಡಿಗಳು ಅಡ್ಡ ಬರುವುದರಿಂದ ಅಲ್ಲಿ ಕೂಗಿಯೇ ಹೇಳಬೇಕು.

ಆ ಯಾರ್ಡಿಗೆ ಬರೆಯದ ಕೆಲವು ಕಾನೂನುಗಳಿದ್ದವು. ಗಂಡಸಾದವನು ಕೈಗವಸು ಹಾಕಬಾರದು. ಭಾರ ಎತ್ತುವಾಗ ಕೈಕೊಡು ಎನ್ನಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೇಳಿದ್ದನ್ನು ಇನ್ನೊಂದು ಸಲ ಕೇಳಬಾರದು. "ಏನಂದೆ?" ಎಂದವನಿಗೆ, "ಕಿವಿ ಮನೇಲಿ ಹೆಂಡ್ತಿ ಹತ್ರ ಬಿಟ್ಟು ಬಂದ್ಯಾ?" ಎಂಬ ಉತ್ತರ ಕಾದಿರುತ್ತಿತ್ತು.

ಮೊದಲ ದಿನ ಬಾಯಿ ಬಿಟ್ಟೊಡನೆ ಇವನಿಗೆ ಸಿಕ್ಕ ಹೆಸರು ಪೀಪಿ. ಇಡೀ ಯಾರ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೋದರಮಾವ ಒಂದು ಉಪಾಯ ಹೇಳಿಕೊಟ್ಟರು: "ಗದ್ದ ಎದೆಗೆ ಒತ್ಕೋ. ಮಾತನ್ನ ಹೊಟ್ಟೆಯಿಂದ ತೆಗಿ. ಕಡಿಮೆ ಮಾತಾಡು, ಗಂಡಸಿಗೆ ಅದೇ ಶೋಭೆ." ಮನೆಯ ಹಿಂದಿನ ಖಾಲಿ ಡ್ರಮ್ಮಿನೊಳಗೆ ತಲೆಯಿಟ್ಟು ಇವನು ಅಭ್ಯಾಸ ಮಾಡಿದ. ತಿಂಗಳುಗಳು ಹಿಡಿದವು. ಕೊನೆಗೆ ಕೆಳಸ್ವರದ ಒಂದು ದನಿ ತಯಾರಾಯಿತು. ಪೀಪಿ ಹೋಗಿ ಗುಡುಗಣ್ಣ ಬಂತು. ತಮಾಷೆಗೆ ಇಟ್ಟ ಹೆಸರೇ ಆದರೂ ಅದರಲ್ಲಿ ಒಂದು ಚೂರು ಮರ್ಯಾದೆ ಇತ್ತು. ಆ ಚೂರನ್ನು ಇವನು ಚಿನ್ನದಂತೆ ಕಾಪಾಡಿಕೊಂಡ.

ಮದುವೆಯ ಮಾತುಕತೆಯಲ್ಲಿ ತುಟಿ ಬಿಚ್ಚಲಿಲ್ಲ. ಹುಡುಗ ಬಲು ಗಂಭೀರ ಎಂದು ಹೆಣ್ಣಿನ ಕಡೆಯವರು ಮೆಚ್ಚಿದರು. ಮದುವೆಯಾದ ವಾರದಲ್ಲೇ, ಹಲ್ಲಿಯೊಂದು ಕಾಲ ಮೇಲೆ ಬಿದ್ದಾಗ ನಿಜವಾದ ದನಿ ಹೊರಬಿತ್ತು. ಹೆಂಡತಿ ನಕ್ಕಳು, ಆದರೆ ಹಲ್ಲಿಯ ವಿಷಯಕ್ಕೆ. ಆಮೇಲೆ, "ಇದೇ ಚೆನ್ನಾಗಿದೆ. ಇನ್ನೊಂದ್ರಲ್ಲಿ ಮಾತಾಡಿದ್ರೆ ಯಾರೋ ಬಾಗಿಲಾಚೆ ನಿಂತು ವಿಳಾಸ ಕೇಳ್ದಂಗಿರತ್ತೆ" ಎಂದಳು. ಗುಡುಗುದನಿಗೆ ಅವಳು ಯೂನಿಫಾರ್ಮ್ ಎಂದು ಹೆಸರಿಟ್ಟಳು. ಸಂಜೆ ಮರೆತು ಅದರಲ್ಲೇ ಮಾತಾಡಿದರೆ, "ರೀ, ಯೂನಿಫಾರ್ಮ್ ಕಳಚಿ ಊಟಕ್ಕೆ ಬನ್ನಿ" ಎನ್ನುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಅವಳನ್ನು ಮಲಗಿಸುವ ಹಾಡುಗಳೆಲ್ಲ ಹುಟ್ಟುದನಿಯಲ್ಲೇ ಆದವು.

ಮಗಳಿಗೆ ಅಕ್ಷರ ಬರುವ ಹೊತ್ತಿಗೆ ಗಂಟಲು ಕೈಕೊಡತೊಡಗಿತು. ಸಂಜೆಯಾದರೆ ಬರೀ ಗಾಳಿ. ಹಾಡಲು ಹೋದರೆ ನಡುವೆ ಸಾಲುಗಳೇ ಮಾಯ. "ಅಪ್ಪಾ, ರೇಡಿಯೋ ಕೆಟ್ಟೋಯ್ತು" ಎಂದು ಮಗಳು ಅವನ ಗಂಟಲು ತಟ್ಟುತ್ತಿದ್ದಳು.

ಗಂಟಲಿನ ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಬಿಳಿ ಮಡಿಕೆಗಳು, ಅವುಗಳ ಅಂಚಿನಲ್ಲಿ ಎದುರುಬದುರು ಎರಡು ಗಂಟು.

"ನಿಮ್ಮ ಅಂಗೈಯಲ್ಲಿ ಜಡ್ಡು ಕಟ್ಟಿದೆಯಲ್ಲ, ಹಾಗೇ ಇದೂ. ನಿಮಗೆ ಒಗ್ಗದ ದನಿಯನ್ನ ಬಲವಂತವಾಗಿ ತೆಗೀತಿದೀರಿ. ಎಷ್ಟು ವರ್ಷದಿಂದ?"

"ಕೆಲಸಕ್ಕೆ ಸೇರಿದಾಗಿನಿಂದ."

"ನಿಲ್ಲಿಸಿದ್ರೆ ಕರಗತ್ತೆ. ಇಲ್ಲಾಂದ್ರೆ ಎರಡೂ ದನಿ ಹೋಗತ್ತೆ. ಹುಟ್ಟಿದ್ದೂ ಇಲ್ಲ, ಕಟ್ಟಿದ್ದೂ ಇಲ್ಲ."

ಮನೆಗೆ ಬಂದು ಹೇಳಿದಾಗ ಹೆಂಡತಿ, "ಸರಿ ಹಾಗಾದ್ರೆ, ಇಲ್ಲಿ ಮಾತಾಡಿದ ಹಾಗೇ ಅಲ್ಲೂ ಮಾತಾಡಿ" ಎಂದಳು.

"ನಿಂಗೆ ಸುಲಭ. ಅಷ್ಟು ಜನ ಗಂಡಸರ ಮಧ್ಯೆ ನಿಲ್ಲೋನು ನಾನು."

"ಅವರು ನಕ್ರೆ ಎಷ್ಟು ದಿನ ನಗ್ತಾರೆ? ಹಲ್ಲು ಒಣಗೋವರೆಗೆ. ಮಗಳಿಗೆ ಅಪ್ಪ ಮೂಕ ಆದ್ರೆ ಅದು ಒಣಗೋದಲ್ಲ."

ಮಾರನೆಯ ದಿನ ಅವನು ಅಂಗಡಿಯಿಂದ ಒಂದು ಸೀಟಿ ಕೊಂಡುಹೋದ. ಆದರೆ ಯಾರ್ಡಿನಲ್ಲಿ ಲಾರಿ ಹಿಂದಕ್ಕೆ ಬಿಡಿಸುವವನ ಬಳಿ ಸೀಟಿ ಆಗಲೇ ಇತ್ತು. ಇವನು ಊದಿದರೆ ಲಾರಿ ಚಲಿಸಿತು, ಅವನು ಊದಿದರೆ ಕ್ರೇನು ನಿಂತಿತು. ಮಧ್ಯಾಹ್ನದೊಳಗೆ ಸೀಟಿ ಜೇಬು ಸೇರಿತು. ಮತ್ತೆ ಗದ್ದ ಎದೆಗೆ ಒತ್ತಿಕೊಂಡ.

ಕ್ರೇನಿನ ಡ್ರೈವರು ಹಳಬ. ಎತ್ತರದ ಕ್ಯಾಬಿನ್ನಿನಲ್ಲಿ ಕೂರುವುದರಿಂದ ಎಲ್ಲರೂ ಅವನನ್ನು ಮೇಲಿನವನು ಎಂದೇ ಕರೆಯುತ್ತಿದ್ದರು. "ಎಲ್ಲಾ ಮೇಲಿನವನ ಕೈಲಿದೆ" ಎಂಬುದು ಅಲ್ಲಿನ ದಿನನಿತ್ಯದ ಜೋಕು. ಆ ವಾರ ಹಿಂದಿನ ಸಾಲಿಗೆ ಒಂದು ಕಪ್ಪು ಚಪ್ಪಡಿ ಇಳಿಯುತ್ತಿತ್ತು. ಅಷ್ಟರಲ್ಲಿ ಪಾಲಿಶ್ ಮಾಡುವವನು, ಕೆಳಗೆ ಬಿದ್ದ ತನ್ನ ಉಜ್ಜುಕಲ್ಲನ್ನು ತೆಗೆದುಕೊಳ್ಳಲು ಸಂದಿಯೊಳಗೆ ಬಗ್ಗಿದ.

"ನಿಲ್ಸು" ಎಂದು ಗುಡುಗಣ್ಣ ಗುಡುಗಿದ. ಚಪ್ಪಡಿ ಇಳಿಯುತ್ತಲೇ ಇತ್ತು. ಇನ್ನೂ ಕೆಳಸ್ವರದಲ್ಲಿ, ಇನ್ನೂ ಜೋರಾಗಿ ಕೂಗಿದ. ಗರಗಸದ ಗುರ್ರೆನ್ನುವ ಸದ್ದೂ ಕೆಳಸ್ವರದ್ದೇ. ಇವನ ಕೂಗು ಅದರಲ್ಲಿ ನೀರಿಗೆ ಬಿದ್ದ ನೀರಿನಂತೆ ಬೆರೆತುಹೋಯಿತು. ಆಗ ಗದ್ದ ತಾನಾಗಿಯೇ ಮೇಲೆದ್ದಿತು. ಹುಟ್ಟುದನಿ ಸೀಳಿಕೊಂಡು ಬಂತು. ಚಪ್ಪಡಿ ನಿಂತಿತು. ಅದಕ್ಕೂ ಪಾಲಿಶಿನವನ ಬೆನ್ನಿಗೂ ನಡುವೆ ಒಂದು ಗೇಣು ಜಾಗವಿತ್ತು.

ಮೇಲಿನವನು ಏಣಿ ಇಳಿದು ಬಂದ.

"ಕೂಗಿದ್ಯಾರು?"

"ನಾನೇ ಅಣ್ಣ."

"ಅದಕ್ಕೆ ಮುಂಚೆ ಕೂಗ್ಲಿಲ್ವಾ?"

"ಎರಡು ಸಲ ಕೂಗ್ದೆ."

ಮೇಲಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಗುಡುಗಣ್ಣನನ್ನು ಪಕ್ಕಕ್ಕೆ ಕರೆದು ತಗ್ಗಿದ ಸ್ವರದಲ್ಲಿ ಹೇಳಿದ: "ತಮ್ಮಾ, ಯಾರಿಗೂ ಹೇಳ್ಬೇಡ. ನಿನ್ನ ಗುಡುಗು ನಂಗೆ ಒಂದು ದಿನಾನೂ ಸರಿಯಾಗಿ ಕೇಳಿಲ್ಲ. ಹಗ್ಗ ನೋಡ್ಕೊಂಡು, ಅಂದಾಜಲ್ಲಿ ಇಳಿಸ್ತಿದ್ದೆ."

"ಮತ್ತೆ ಕೇಳ್ಬೇಕಿತ್ತು, ಏನಂದೆ ಅಂತ."

"ಯಾವ ಬಾಯಲ್ಲಿ ಕೇಳ್ಲಿ? ಮೇಲಿನವನಿಗೆ ಕಿವುಡು ಅಂತ ಶುರು ಮಾಡೋರು. ನೀನೂ ನಗ್ತಿದ್ದೆ."

ನಗುತ್ತಿದ್ದೆ ಎಂಬುದು ಗುಡುಗಣ್ಣನಿಗೂ ಗೊತ್ತಿತ್ತು.

ಆ ರಾತ್ರಿ ಅವನು ಮಗಳಿಗೆ ಹಾಡಲಿಲ್ಲ, ಗಂಟಲು ಉರಿಯುತ್ತಿತ್ತು. ಬೆಳಿಗ್ಗೆ ಯಾರ್ಡಿಗೆ ಹೋದಾಗ, ಗುಡುಗಣ್ಣ ಪೀಪಿ ದನಿಯಲ್ಲಿ ಕೂಗಿದನೆಂಬ ಸುದ್ದಿ ಆಗಲೇ ಹಬ್ಬಿತ್ತು. ಆದರೂ ಪಾರಾಗಲು ದಾರಿಯೊಂದಿತ್ತು. "ಭಯಕ್ಕೆ ಹಂಗೆ ಕೂಗಿರ್ತಾನೆ, ಭಯ ಆದ್ರೆ ಯಾರಾದ್ರೂ ಕಿರುಚ್ತಾರೆ" ಎಂದು ಲಾರಿ ಬಿಡಿಸುವವನೇ ದಾರಿ ತೋರಿಸಿದ. ಹೂಂ ಎಂದರೆ ಸಾಕಿತ್ತು, ಗುಡುಗಣ್ಣ ಗುಡುಗಣ್ಣನಾಗಿಯೇ ಉಳಿಯುತ್ತಿದ್ದ.

ಮೊದಲ ಚಪ್ಪಡಿ ಹಿಂದಿನ ಸಾಲಿನ ಮೇಲೆ ಬಂದು ನಿಂತಿತು. ಕೆಲಸ ಮಾಡುವವರು ಕೆಲಸ ಮಾಡುತ್ತಿರುವಂತೆ ನಿಂತು ಕಿವಿ ಇತ್ತ ಇಟ್ಟಿದ್ದರು. ಅಭ್ಯಾಸಬಲದಿಂದ ಅವನ ಗದ್ದ ಕೆಳಗಿಳಿಯಿತು.

"ಇಳ್ಸು" ಎಂದ, ಗುಡುಗಿನಲ್ಲಿ.

ಕ್ರೇನು ಅಲುಗಲಿಲ್ಲ. ಮೇಲಿನವನು ಕ್ಯಾಬಿನ್ನಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಇಡೀ ಯಾರ್ಡಿಗೆ ಕೇಳುವಂತೆ ಕೂಗಿದ.

"ಏನಂದೆ? ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳು."

ಆ ಪ್ರಶ್ನೆಯನ್ನು ಅಲ್ಲಿ ಯಾರೂ ಅಷ್ಟು ದೊಡ್ಡದಾಗಿ ಕೇಳಿದ್ದಿಲ್ಲ. "ಕಿವಿ ಹೆಂಡ್ತಿ ಹತ್ರ ಬಿಟ್ಯಾ?" ಎಂದು ಯಾರೋ ಅಂದರು.

"ಹೂಂ, ಅಲ್ಲೇ ಬಿಟ್ಟಿದೀನಿ" ಎಂದ ಮೇಲಿನವನು. "ಹೇಳು ತಮ್ಮಾ."

ಗುಡುಗಣ್ಣ ಗದ್ದ ಎತ್ತಿದ. ಮಗಳನ್ನು ಮಲಗಿಸುವ ದನಿಯಲ್ಲಿ, ಅದಕ್ಕಿಂತ ಜೋರಾಗಿ ಕೂಗಿದ: "ಇಳ್ಸಣ್ಣಾ, ನಿಧಾನಕ್ಕೆ."

ನೀರಿನ ನಲ್ಲಿಯ ಬಳಿ ಒಂದಿಬ್ಬರು ಕಿಸಕ್ಕೆಂದರು. ಸಂದಿಯಿಂದ ದೂರ ನಿಂತಿದ್ದ ಪಾಲಿಶಿನವನು ನಗಲಿಲ್ಲ. ಚಪ್ಪಡಿ ಹೇಳಿದಷ್ಟೇ ನಿಧಾನವಾಗಿ ಇಳಿದು, ಹೇಳಿದಲ್ಲಿ ನಿಂತಿತು.