ನಾನು ಬಾವಿಗೆ ಬಿಟ್ಟ ಹೊಳಿ ಏಡಿ

ನನ್ನ ತವರು ಕೃಷ್ಣಾ ಹೊಳೆಯ ದಂಡೆ. ಎಪ್ಪತ್ತರ ದಶಕದ ಶುರುವಿನಲ್ಲಿ ಬಿಜ್ಜರಗಿಗೆ ಸೊಸೆಯಾಗಿ ಬಂದೆ. ಒಂದು ಚಳಿಗಾಲ ಮಾವನವರ ಕೆಮ್ಮು ನಿಲ್ಲಲೇ ಇಲ್ಲ. ವಿಜಾಪುರದ ದವಾಖಾನೆಯ ಗುಳಿಗೆ ನುಂಗಿದ್ದಾಯಿತು, ಕಷಾಯವೂ ಆಯಿತು. ನಮ್ಮ ಕಡೆ ಕೆಮ್ಮಿಗೆ ಏಡಿ ಸಾರು ಕೊಡುತ್ತಾರೆ. ತವರಿಗೆ ಹೋದವಳು ಬರುವಾಗ ಗೋಣಿಚೀಲದಲ್ಲಿ ಒದ್ದೆ ಹುಲ್ಲು ಹಾಸಿ, ಅಂಗೈಯಗಲದ ಏಡಿ ಹತ್ತು-ಹನ್ನೆರಡು ತಂದೆ.

ಮಾವನವರು ಸಾರು ಕುಡಿದು, "ಎದಿ ಹಗುರಾತು ನೋಡವ್ವಾ" ಅಂದರು. ಆ ಮಾತಿಗೆ ಹಿಗ್ಗಿ, ಉಳಿದ ಏಡಿಗಳನ್ನು ಹೊಲದ ಬಾವಿಗೆ ಬಿಟ್ಟೆ. ಬೇಕಾದಾಗ ಹಿಡಿದರಾಯಿತು ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ.

ಎರಡು ಮಳೆಗಾಲ ಕಳೆದವು. ಮಾವನವರು ಹೊಸದಾಗಿ ದ್ರಾಕ್ಷಿ ಬಳ್ಳಿ ಹಚ್ಚಿದ್ದರು. ಒಂದು ಮುಂಜಾನೆ ಬಾವಿಯಿಂದ ಬಿಟ್ಟ ನೀರು ತುದಿಯ ಸಾಲಿಗೆ ಮುಟ್ಟಲೇ ಇಲ್ಲ. ಮಣ್ಣಿನ ಕಾಲುವೆಯ ಏರಿಯ ತುಂಬ ತೂತು. ಇಲಿ ಇರಬೇಕೆಂದು ಮಾವನವರು ಗುದ್ದಲಿ ಹಾಕಿದರೆ, ಒಳಗಿಂದ ಏಡಿಯೊಂದು ಮುಂಗಾಲು ಎತ್ತಿಕೊಂಡು ಬಂತು. ಹೊಟ್ಟೆಯ ಕೆಳಗೆ ಮರಿಗಳು ಅಂಟಿಕೊಂಡಿದ್ದವು.

"ಮಾವಾರ, ಇವು ನಾ ತಂದು ಬಿಟ್ಟವ್ರಿ" ಅಂದೆ.

ಅವರು ಗುದ್ದಲಿ ಕೆಳಗಿಟ್ಟರು. "ನನ್ನ ಸಲುವಾಗಿ ತಂದೀಯಲ್ಲ, ನಾ ಯಾರಿಗಿ ಬೈಲಿ? ಬುಟ್ಟಿ ತಗೊಂಬಾ."

ವಾರವಿಡೀ ಹಿಡಿದೆವು. ಏರಿಗೆ ಕಲ್ಲು ಕೂಡಿಸಿದೆವು. ನಮ್ಮ ಬಳ್ಳಿಗಳೇನೋ ಉಳಿದವು. ಆದರೆ ಪಕ್ಕದ ಹೊಲದ ಅಜ್ಜಿಯ ಬಾವಿಯಲ್ಲೂ ಏಡಿ ಬಂದಿವೆಯೆಂದು ಸುದ್ದಿ ಬಂತು. ನಾನೇ ಹೋಗಿ ಇದ್ದದ್ದನ್ನು ಹೇಳಿದೆ. ಆಕೆ ಸಿಟ್ಟಾದಳು. ಎಂಟು ದಿನ ನನ್ನ ಕೂಡ ಮಾತಾಡಲಿಲ್ಲ. ಒಂಬತ್ತನೆಯ ದಿನ ಬಾಗಿಲಿಗೆ ಬಂದು, "ನಡಿ ಬೇ, ಎಲ್ಲೀತನಕ ಹೋಗ್ಯಾವ ನೋಡೂಣು" ಅಂದಳು.

ಇಬ್ಬರೂ ಹೊಲಗಳ ಪಕ್ಕದ ಹಳ್ಳ ಹಿಡಿದು ನಡೆದೆವು. ಎರಡೂ ದಂಡೆಗೆ ತೂತುಗಳಿದ್ದವು. ಅಜ್ಜಿ ಒಂದು ಕಲ್ಲು ಎತ್ತಿ ನೋಡಿದಳು, ಇನ್ನೊಂದು ಎತ್ತಿದಳು. "ಇಲ್ಲಿ ನಮ್ಮ ಸಣ್ಣ ಏಡಿ ಇರ್ತಿದ್ವು, ಬೆರಳಿನ ಉಗುರಿನಷ್ಟು. ನಿನ್ನ ದೊಡ್ಡವು ಬಂದ ಮ್ಯಾಲ ಒಂದೂ ಕಾಣವಲ್ವು" ಅಂದಳು. ಅಂಥವು ಅಲ್ಲಿದ್ದವೆಂದು ನನಗೆ ಗೊತ್ತೇ ಇರಲಿಲ್ಲ.

ಬಿಸಿಲು ಏರುವ ತನಕ ಟಿಕೋಟಾದ ಕಡೆಗೆ ನಡೆದೆವು. ತೂತುಗಳು ಮುಗಿಯಲಿಲ್ಲ. ಕಡೆಗೆ ಅಜ್ಜಿ ಜಾಲಿಯ ನೆರಳಿಗೆ ಕೂತು ಬುತ್ತಿ ಬಿಚ್ಚಿದಳು. ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟಳು.